ಸಿಂಗಪುರದಲ್ಲಿ ರೂಮು ಮಾಡುವ ಮುಂಚೆ

ನಮ್ಮ ಬಳಗದಲ್ಲಿ ಯಾರು ಸಿಂಗಪುರಕ್ಕೆ ಹೊರಟರೂ ನನಗೆ ಫೋನು ಬರುತ್ತದೆ: "ಮೂರು ಗೋಪುರದ ಮೇಲೆ ದೋಣಿ ಕೂತ ಹಾಗಿದೆಯಲ್ಲ, ಅಲ್ಲೇ ಉಳಿಯೋಣ್ವಾ?" ಅದು ಮರೀನಾ ಬೇ ಸ್ಯಾಂಡ್ಸ್, ಮೋಶೆ ಸಾಫ್ಡಿ ವಿನ್ಯಾಸ ಮಾಡಿದ, 2010ರಲ್ಲಿ ತೆರೆದ ಕ್ಯಾಸಿನೊ ರೆಸಾರ್ಟ್. 57ನೇ ಅಂತಸ್ತಿನಲ್ಲಿ ಈಜುಕೊಳ, ಅದರ ಅಂಚಿನಾಚೆ ಇಡೀ ನಗರ. ಆಸೆಯಾಗುವುದು ಸಹಜ. ಆದರೂ ನಾನು ಲಿಟಲ್ ಇಂಡಿಯಾದ ಯಾವುದಾದರೂ ಪುಟ್ಟ ಬುಟೀಕ್ ಹೋಟೆಲನ್ನೇ ಹೇಳುತ್ತೇನೆ.

ದುಡ್ಡಿನ ಲೆಕ್ಕ ಮೊದಲು ಮುಗಿಸಿಬಿಡೋಣ. ಪುಟ್ಟ ಹೋಟೆಲಿನಲ್ಲಿ ರಾತ್ರಿಗೆ 150ರಿಂದ 200 ಸಿಂಗಪುರ ಡಾಲರ್ ಆಸುಪಾಸು. ರೆಸಾರ್ಟಿನಲ್ಲಿ ಸಾಮಾನ್ಯವಾಗಿ 600 ದಾಟುತ್ತದೆ. ಬಾಡಿಗೆಯ ಪಕ್ಕ ಎರಡು ಕೂಡುಚಿಹ್ನೆ ಕಂಡರೆ ಶೇಕಡಾ 10 ಸೇವಾಶುಲ್ಕ, ಅದರ ಮೇಲೆ ಶೇಕಡಾ 9 ಜಿಎಸ್‌ಟಿ ಸೇರುತ್ತದೆ. 200 ಎಂದು ಬರೆದದ್ದು ಬಿಲ್ಲಿನಲ್ಲಿ 239.80 ಆಗುತ್ತದೆ.

ಇನ್ನು ರೆಸಾರ್ಟಿನಲ್ಲಿ ನೋಡಬೇಕಾದದ್ದು. ಕೊಲ್ಲಿಯ ದಡದಲ್ಲಿ ರಾತ್ರಿ ನಡೆಯುವ ಬೆಳಕು-ನೀರಿನ ಆಟಕ್ಕೆ ಟಿಕೆಟ್ಟಿಲ್ಲ. ರೆಸಾರ್ಟಿನ ಹಿಂದಿರುವ ಗಾರ್ಡನ್ಸ್ ಬೈ ದ ಬೇಯಲ್ಲಿ 50 ಮೀಟರ್‌ವರೆಗಿನ ಉಕ್ಕಿನ ಮರಗಳು ಹಾಡಿಗೆ ಮಿನುಗುವುದನ್ನೂ ಪುಕ್ಕಟೆ ನೋಡಬಹುದು. ರೆಸಾರ್ಟಿನ ಮೇಲಿನ ವೀಕ್ಷಣಾ ಕಟ್ಟೆಗೆ ಟಿಕೆಟ್ ಕೊಂಡು ಯಾರು ಬೇಕಾದರೂ ಹತ್ತಬಹುದು. ಈಜುಕೊಳ ಮಾತ್ರ ಅಲ್ಲಿ ಉಳಿದವರಿಗೇ ಮೀಸಲು. ಅಂದರೆ ಆ ಹೆಚ್ಚಿನ ನಾನೂರು ಡಾಲರು ಬಹುಪಾಲು ಕೊಳಕ್ಕೆ, ಕಿಟಕಿಗೆ. ಲಿಟಲ್ ಇಂಡಿಯಾದಲ್ಲಿ ಮೆಟ್ರೊ ಡೌನ್‌ಟೌನ್ ಲೈನ್ ಹತ್ತಿದರೆ ನಾಲ್ಕನೇ ನಿಲ್ದಾಣವೇ ರೆಸಾರ್ಟಿನ ಕೆಳಗಿನ ಬೇಫ್ರಂಟ್.

ಕ್ಯಾಸಿನೊ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಕಟ್ಟಡದಲ್ಲಿ ಅದರ ಜಾಗ ಚಿಕ್ಕದು, ಆದಾಯದ ಸಿಂಹಪಾಲು ಅದರದೇ. ಪಾಸ್‌ಪೋರ್ಟ್ ತೋರಿಸಿದ, 21 ತುಂಬಿದ ವಿದೇಶಿಗೆ ಪ್ರವೇಶಶುಲ್ಕವಿಲ್ಲ. ಅಲ್ಲಿನ ಪ್ರಜೆಗಳಿಗೂ ಕಾಯಂ ನಿವಾಸಿಗಳಿಗೂ 24 ಗಂಟೆಗೆ 150 ಡಾಲರ್. 2019ರವರೆಗೆ 100 ಇತ್ತು. ಮನೆಯವರೇ ಅರ್ಜಿ ಹಾಕಿ ಜೂಜುಕೋರ ಗಂಡನನ್ನೋ ಮಗನನ್ನೋ ಒಳಗೆ ಬಿಡದಂತೆ ಆದೇಶ ತರಿಸಬಹುದು. ತನ್ನ ಜನರಿಗೆ ಇಷ್ಟು ಬೇಲಿ ಹಾಕಿದ ದೇಶ ನಮಗೆ ಬಾಗಿಲು ತೆರೆದಿಟ್ಟಿದೆ. "ಸುಮ್ಮನೆ ನೋಡಿ ಬರ್ತೀನಿ" ಅನ್ನುವ ಭಾವಂದಿರಿಗೆ ನಾನು ಇದನ್ನು ಬಿಡಿಸಿ ಹೇಳುತ್ತೇನೆ. ಮಲಗುವ ಕೋಣೆಯಿಂದ ಲಿಫ್ಟಿನಲ್ಲಿ ಇಳಿದು ಜೂಜಿನ ಮೇಜಿಗೆ ಹೋಗುವಂತಿದ್ದರೆ, ರಾತ್ರಿ ನಿದ್ದೆ ಬಾರದವನಿಗೆ ಅದು ತುಂಬ ಹತ್ತಿರ.

ಪುಟ್ಟ ಹೋಟೆಲುಗಳು ಹೆಚ್ಚಾಗಿ ಹಳೆಯ ಅಂಗಡಿಮನೆಗಳಲ್ಲಿವೆ. ಮುಂಭಾಗ ಕಿರಿದು, ಒಳಗೆ ಉದ್ದ, ನಮ್ಮ ತೊಟ್ಟಿಮನೆಯಂತೆ ನಡುವೆ ಗಾಳಿಬೆಳಕಿನ ಬಾವಿ. ಬೀದಿಗುಂಟ ಸೂರಿರುವ ಕಾಲುದಾರಿ ಇರಬೇಕೆಂದು ಆಧುನಿಕ ಸಿಂಗಪುರದ ಸ್ಥಾಪಕ ರಾಫಲ್ಸ್ 1822ರ ನಗರಯೋಜನೆಯಲ್ಲೇ ಕಟ್ಟಳೆ ಮಾಡಿದ್ದ. ಇವತ್ತಿಗೂ ಮಳೆಯಲ್ಲಿ ನೆನೆಯದೆ ಅದರಡಿ ನಡೆಯಬಹುದು. 1989ರಲ್ಲಿ ಸರ್ಕಾರ ಈ ಕೇರಿಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸದಿದ್ದರೆ ಇಷ್ಟು ಉಳಿಯುತ್ತಿರಲಿಲ್ಲ.

ಅಮ್ಮನ ಜತೆ ಅಲ್ಲಿ ಉಳಿದಾಗ ನನಗೆ ಆ ಕೇರಿಯ ಬೆಲೆ ತಿಳಿಯಿತು. ಇಂಗ್ಲಿಷ್ ಬಾರದ ಅಮ್ಮ ನಾನು ಏಳುವ ಮೊದಲೇ ಒಬ್ಬರೇ ಹೊರಡುತ್ತಿದ್ದರು. ಸೆರಂಗೂನ್ ರಸ್ತೆಯ ವೀರಮಾಕಾಳಿ ಅಮ್ಮನ ಗುಡಿಗೆ ಹೋಗಿ, ದಾರಿಯಲ್ಲಿ ಮಲ್ಲಿಗೆ ಕೊಂಡು, ಮೈಸೂರಿನಲ್ಲಿ ಕಲಿತ ಹರಕುಮುರುಕು ತಮಿಳಿನಲ್ಲೇ ವ್ಯಾಪಾರ ಮುಗಿಸಿ ಬರುತ್ತಿದ್ದರು. ಆಮೇಲೆ ಇಬ್ಬರೂ 1947ರಿಂದ ನಡೆಯುತ್ತಿರುವ ಕೋಮಲ ವಿಲಾಸದಲ್ಲಿ ದೋಸೆ ತಿನ್ನುತ್ತಿದ್ದೆವು. ಪರದೇಶದಲ್ಲಿ ಅಮ್ಮ ಯಾರ ಕೈಯನ್ನೂ ಹಿಡಿಯದೆ ಓಡಾಡಿದ್ದು ನನಗೆ ಯಾವ ಈಜುಕೊಳಕ್ಕಿಂತ ದೊಡ್ಡದು.

ಎಲ್ಲರಿಗೂ ಇದೇ ಸರಿ ಅನ್ನಲಾರೆ. ಅಂಗಡಿಮನೆ ಹೋಟೆಲುಗಳಲ್ಲಿ ಕೆಲವಕ್ಕೆ ಲಿಫ್ಟಿಲ್ಲ, ಮೆಟ್ಟಿಲು ಕಡಿದು. ಮಂಡಿನೋವಿನವರು ಅಲ್ಲಿ ಒದ್ದಾಡುತ್ತಾರೆ. ಹೊಸದಾಗಿ ಮದುವೆಯಾದವರಿಗೆ ಕೊಳದ ಕನಸಿದ್ದರೆ ಕೊನೆಯ ಒಂದು ರಾತ್ರಿ ಮಾತ್ರ ರೆಸಾರ್ಟಿನಲ್ಲಿರಿ ಎನ್ನುತ್ತೇನೆ. ಪುಟ್ಟ ಹೋಟೆಲಿನ ಅತಿ ಅಗ್ಗದ ಕೋಣೆಗೆ ಎಷ್ಟೋ ಸಲ ಕಿಟಕಿಯೇ ಇರುವುದಿಲ್ಲ. ಉದ್ದ ಮನೆಯ ನಡುಭಾಗಕ್ಕೆ ಬೀದಿ ಸಿಗದು. ಕಿಟಕಿ ಇದೆಯೇ, ಲಿಫ್ಟ್ ಇದೆಯೇ ಎಂದು ಬರೆದು ಕೇಳಿ, ಉತ್ತರ ಬಂದ ಮೇಲೆ ದುಡ್ಡು ಕಟ್ಟಿ.