ಪ್ರೋಟೀನುಗಳ ತೂಕವೂ ರೋಗದ ಸುಳಿವೂ

ಒಂದು ಹನಿ ರಕ್ತದಿಂದ ಕ್ಯಾನ್ಸರಿನ ಪತ್ತೆಯಾಗುವುದೆಂಬ ಶೀರ್ಷಿಕೆಯನ್ನು ನಮ್ಮ ವಾಚಕರು ಎಷ್ಟು ಬಾರಿ ಓದಿಲ್ಲ! ಇತರ ಪತ್ರಿಕೆಗಳ ಮಾತು ಹಾಗಿರಲಿ. ನಮ್ಮ ಪತ್ರಿಕೆಯಲ್ಲಿಯೇ ಅಂತಹ ಸುದ್ದಿ ಹಲವು ಸಲ ಅಚ್ಚಾಗಿದೆಯೆಂಬುದನ್ನು ಮೊದಲು ಒಪ್ಪಿಕೊಂಡು ಮುಂದುವರಿಯುವುದೇ ಮರ್ಯಾದೆ. ಸುದ್ದಿ ಬಂದ ದಿನ ಅಚ್ಚು ಹಾಕುತ್ತೇವೆ. ಆ ಪರೀಕ್ಷೆಯ ಗತಿ ಮುಂದೆ ಏನಾಯಿತೆಂದು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಈ ಉಪೇಕ್ಷೆಯಿಂದ ನಷ್ಟಪಡುವವರು ಪತ್ರಿಕೆಯವರಲ್ಲ, ವಿಜ್ಞಾನಿಗಳೂ ಅಲ್ಲ. ಸುದ್ದಿಯನ್ನು ನಂಬಿ ತೋಳನ್ನು ಮುಂದೆ ಚಾಚುವ ರೋಗಿಗಳು. ಆದುದರಿಂದ ಈ ಸುದ್ದಿಗಳ ಹಿಂದೆ ನಿಂತಿರುವ ಯಂತ್ರವು ಎಂತಹುದು, ಅದರ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಇಂದು ಸ್ವಲ್ಪ ವಿಸ್ತಾರವಾಗಿಯೇ ವಿಚಾರ ಮಾಡೋಣ.

ಒಳಗಿನ ವ್ಯಾಧಿಯು ದೇಹದ ದ್ರವಗಳಲ್ಲಿ ತನ್ನ ಗುರುತನ್ನು ಬಿಡುತ್ತದೆಯೆಂಬ ತತ್ತ್ವ ಹೊಸದೇನೂ ಅಲ್ಲ. ಮೂತ್ರದ ಮೇಲೆ ಎಣ್ಣೆಯ ತೊಟ್ಟನ್ನು ಬಿಟ್ಟು, ಅದು ಹರಡುವ ರೀತಿಯನ್ನು ನೋಡಿ ರೋಗದ ಸಾಧ್ಯಾಸಾಧ್ಯತೆಯನ್ನು ಹೇಳುವ ತೈಲಬಿಂದು ಪರೀಕ್ಷೆ ನಮ್ಮ ವೈದ್ಯರಲ್ಲಿ ರೂಢಿಯಲ್ಲಿತ್ತು. ಲಂಡನ್ನಿನಲ್ಲಿ 1845ರಲ್ಲಿ ಹೆನ್ರಿ ಬೆನ್ಸ್ ಜೋನ್ಸರು ಮೂಳೆಗಳ ನೋವಿನಿಂದ ನರಳುತ್ತಿದ್ದ ರೋಗಿಯೊಬ್ಬನ ಮೂತ್ರದಲ್ಲಿ, ಕಾಯಿಸಿದರೆ ಕರಗಿ ತಣಿದರೆ ಮತ್ತೆ ಗಟ್ಟಿಯಾಗುವ ವಿಚಿತ್ರ ವಸ್ತುವೊಂದನ್ನು ಕಂಡರು. ಅದು ಪ್ರೋಟೀನು, ಅಸ್ಥಿಮಜ್ಜೆಯ ಕ್ಯಾನ್ಸರಿನ ಗುರುತಾಗಿ ಇಂದಿಗೂ ಅವರ ಹೆಸರನ್ನೇ ಹೊತ್ತಿದೆ. ಇಂತಹ ಗುರುತುಗಳಿಗೆ ಈಗಿನವರು ಬಯೋಮಾರ್ಕರ್ ಎನ್ನುತ್ತಾರೆ, ನಾವು ರೋಗಸೂಚಕವೆನ್ನೋಣ.

ಪ್ರೋಟೀನೆಂದರೇನು? ಸೀಸದ ಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲವನ್ನು ಕಣ್ಣಾರೆ ಕಂಡ ನಮಗೆ ಅಚ್ಚುಕೂಟದ ಉಪಮಾನವೇ ಮೊದಲು ಹೊಳೆಯುತ್ತದೆ. ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ಮೊಳೆಗಳಿವೆ. ಅವುಗಳನ್ನು ನೂರಾರು ಸಂಖ್ಯೆಯಲ್ಲಿ ಒಂದರ ಪಕ್ಕದಲ್ಲೊಂದು ಜೋಡಿಸಿದ ಸಾಲೇ ಪ್ರೋಟೀನು. ಜೋಡಣೆಯ ಮೂಲಪ್ರತಿ ನಮ್ಮ ಜೀನುಗಳಲ್ಲಿದೆ. ಮನುಷ್ಯನಲ್ಲಿ ಪ್ರೋಟೀನನ್ನು ಬರೆದಿರುವ ಜೀನುಗಳು ಸುಮಾರು 20,000. ಆದರೆ ಮೂಲಪ್ರತಿ ಎಲ್ಲ ಅಂಗಗಳಲ್ಲಿಯೂ ಒಂದೇ. ಯಕೃತ್ತಿನಲ್ಲಿ ಯಾವ ಪುಟ ಅಚ್ಚಾಗುತ್ತಿದೆ, ಮೆದುಳಿನಲ್ಲಿ ಯಾವುದು, ಆರೋಗ್ಯದಲ್ಲಿ ಎಷ್ಟು ಪ್ರತಿ, ರೋಗದಲ್ಲಿ ಎಷ್ಟು ಪ್ರತಿ ಎಂಬುದು ಮೂಲಪ್ರತಿಯನ್ನು ಓದಿದ ಮಾತ್ರಕ್ಕೆ ತಿಳಿಯದು. ಅಚ್ಚಾದ ಹಾಳೆಗಳನ್ನೇ ಹುಡುಕಿ ಎಣಿಸಬೇಕು. ಈ ಸಮಸ್ತ ಹಾಳೆಗಳ ಸಮೂಹಕ್ಕೆ ಪ್ರೋಟೀಮ್ ಎಂಬ ಹೆಸರನ್ನು ಆಸ್ಟ್ರೇಲಿಯದ ಮಾರ್ಕ್ ವಿಲ್ಕಿನ್ಸರು 1994ರಲ್ಲಿ ಇಟ್ಟರು.

ಕಣ್ಣಿಗೆ ಕಾಣದ ಈ ಹಾಳೆಗಳನ್ನು ಗುರುತಿಸುವ ಉಪಾಯವೆಂದರೆ ತೂಗುವುದು. ಅಕ್ಕಸಾಲಿಯು ಗುಲಗಂಜಿಯಿಟ್ಟು ಚಿನ್ನವನ್ನು ತೂಗುವಂತೆ ಅಣುಗಳನ್ನು ತೂಗುವ ಯಂತ್ರವೇ ಮಾಸ್ ಸ್ಪೆಕ್ಟ್ರೋಮೀಟರ್. ಇಲ್ಲಿ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ. ಅಣುವಿಗೆ ವಿದ್ಯುತ್ತಿನ ಆವೇಶವನ್ನು ಕೊಟ್ಟು, ಗಾಳಿಯನ್ನೆಲ್ಲ ಹೊರತೆಗೆದ ಕೊಳವೆಯಲ್ಲಿ ಓಡಿಸುತ್ತಾರೆ. ಹಗುರವಾದುದು ಬೇಗ ಓಡುತ್ತದೆ, ಭಾರವಾದುದು ಹಿಂದುಳಿಯುತ್ತದೆ. ಓಟದ ಭೇದದಿಂದ ತೂಕದ ಲೆಕ್ಕ. ಕೇಂಬ್ರಿಜ್ಜಿನಲ್ಲಿ ಜೆ. ಜೆ. ತಾಮ್ಸನ್ನರು ಹಾಕಿದ ಅಡಿಪಾಯದ ಮೇಲೆ ಅವರ ಶಿಷ್ಯ ಫ್ರಾನ್ಸಿಸ್ ಆಸ್ಟನ್ನರು 1919ರಲ್ಲಿ ಇಂತಹ ಉಪಕರಣವನ್ನು ಕಟ್ಟಿ, 1922ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ಆದರೆ ಅಂದಿನಿಂದ ಅರವತ್ತು ವರ್ಷಕ್ಕೂ ಮೇಲ್ಪಟ್ಟು ದೊಡ್ಡ ಪ್ರೋಟೀನುಗಳು ಈ ತಕ್ಕಡಿಗೆ ಏರಲಿಲ್ಲ. ಹಾರಿಸಬೇಕಾದರೆ ಕಾಯಿಸಬೇಕು, ಕಾಯಿಸಿದರೆ ಮೊಟ್ಟೆಯ ಬಿಳಿಯಂತೆ ಬೆಂದು ಕೆಡುತ್ತವೆ. ಈ ತೊಡಕನ್ನು ಬಿಡಿಸಿದವರು ಇಬ್ಬರು. ಅಮೇರಿಕದ ಜಾನ್ ಫೆನ್ನರು ಪ್ರೋಟೀನಿನ ದ್ರಾವಣವನ್ನು ವಿದ್ಯುತ್ತಿನ ಬಲದಿಂದ ಸೂಕ್ಷ್ಮ ತುಂತುರಾಗಿ ಸಿಂಪಡಿಸಿ, ಹನಿಗಳು ಆವಿಯಾಗುತ್ತಿದ್ದಂತೆ ಅಣುಗಳು ತಾವಾಗಿ ಹಾರುವಂತೆ ಮಾಡಿದರು. ಇನ್ನೊಬ್ಬರು ಜಪಾನಿನ ಕ್ಯೋಟೋ ನಗರದ ಶಿಮಾಜು ಕಾರ್ಖಾನೆಯ ತರುಣ ಎಂಜಿನಿಯರ್ ಕೊಯಿಚಿ ತನಾಕ. ಡಾಕ್ಟರೇಟ್ ಪದವಿಯಿಲ್ಲದ ಈತನು 1985ರಲ್ಲಿ ಕೈತಪ್ಪಿನಿಂದ ಕೋಬಾಲ್ಟಿನ ಪುಡಿಗೆ ಗ್ಲಿಸರಿನ್ ಬೆರೆಸಿಬಿಟ್ಟನು. ಬೆಲೆಬಾಳುವ ಪುಡಿಯನ್ನು ಚೆಲ್ಲಲು ಮನಸ್ಸೊಪ್ಪದೆ ಅದನ್ನೇ ಲೇಸರ್ ಕಿರಣಕ್ಕೆ ಒಡ್ಡಿದಾಗ, ದೊಡ್ಡ ಅಣು ಒಡೆಯದೆ ಹಾರಿತು. 2002ರಲ್ಲಿ ಇಬ್ಬರಿಗೂ ನೊಬೆಲ್ ಗೌರವ ದೊರೆಯಿತು. ಮಿತವ್ಯಯಕ್ಕೆ ಇಂತಹ ಫಲ ಎಲ್ಲರಿಗೂ ದೊರೆಯುವುದಿಲ್ಲವೆಂಬುದು ಬೇರೆ ಮಾತು.

ಈಗಿನ ರೂಢಿಯಲ್ಲಿ ಇಡೀ ಪ್ರೋಟೀನನ್ನು ತೂಗುವುದು ಕಡಮೆ. ಟ್ರಿಪ್ಸಿನ್ ಎಂಬ ಜೀರ್ಣರಸದಿಂದ ಅದನ್ನು ತುಂಡರಿಸುತ್ತಾರೆ. ಲೈಸಿನ್, ಆರ್ಜಿನಿನ್ ಎಂಬ ಎರಡು ಮೊಳೆಗಳು ಬಂದ ಕಡೆಯಲ್ಲಿ ಮಾತ್ರ ಈ ಕತ್ತರಿ ಆಡುತ್ತದೆ. ತುಂಡುಗಳನ್ನು ತೂಗಿ, ಮತ್ತೆ ಒಡೆದು, ಚೂರುಗಳನ್ನೂ ತೂಗಿ, ಈ ತೂಕಗಳು ಯಾವ ಜೀನಿನ ಮೂಲಪ್ರತಿಗೆ ಹೊಂದುತ್ತವೆಯೆಂದು ಕಂಪ್ಯೂಟರಿನಿಂದ ಹುಡುಕಿಸುತ್ತಾರೆ. ಇಪ್ಪತ್ತು ಸಾವಿರ ಪುಸ್ತಕಗಳನ್ನು ಹರಿದು ಒಂದೇ ರಾಶಿ ಹಾಕಿ, ಅರ್ಧ ಸಾಲಿನ ಚೂರನ್ನೆತ್ತಿ ಇದು ಇಂತಹ ಗ್ರಂಥದ್ದೆಂದು ಹೇಳುವಂತಹ ಕೆಲಸ ಇದು. ಒಂದೇ ಚೂರನ್ನು ನಂಬಿದವನು ಮೋಸಹೋಗುವ ಸಂಭವವಿದೆಯೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ರಕ್ತದಲ್ಲಿ ಹುಡುಕುವಾಗ ಕಷ್ಟ ಇನ್ನೂ ಹೆಚ್ಚು. ರಕ್ತರಸದ ಪ್ರೋಟೀನಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಬುಮಿನ್ ಒಂದೇ; ಸುಮಾರು 22 ಪ್ರೋಟೀನುಗಳೇ ನೂರಕ್ಕೆ 99 ಭಾಗವನ್ನು ಆಕ್ರಮಿಸಿವೆ. ರೋಗದ ಸುಳಿವನ್ನು ಹೊತ್ತವು ಉಳಿದ ಒಂದು ಭಾಗದಲ್ಲಿ ಅಡಗಿರುತ್ತವೆ. ಅತಿ ಹೇರಳವಾದುದಕ್ಕೂ ಅತಿ ವಿರಳವಾದುದಕ್ಕೂ ಇರುವ ಅಂತರ ಸಾವಿರ ಕೋಟಿ ಪಟ್ಟಿಗೂ ಮೀರಿದ್ದು. ಭೂಮಂಡಲದ ಜನಸಂಖ್ಯೆಯೇ ಸುಮಾರು 800 ಕೋಟಿ. ಅಷ್ಟು ಜನರ ಜಾತ್ರೆಯಲ್ಲಿ ಒಬ್ಬನನ್ನು ಹುಡುಕುವುದಕ್ಕಿಂತಲೂ ಇದು ದುಸ್ತರ. ಕಷ್ಟ ಹೀಗಿರುವಾಗ ಗದ್ದಲವನ್ನೇ ಮನುಷ್ಯನೆಂದು ಭ್ರಮಿಸುವುದು ಸುಲಭ.

ಹಾಗೆ ಭ್ರಮಿಸಿದ ಪ್ರಸಂಗವೊಂದು 2002ರಲ್ಲಿಯೇ ನಡೆಯಿತು. ಹೆಂಗಸರ ಅಂಡಾಶಯದ ಕ್ಯಾನ್ಸರು ಸದ್ದಿಲ್ಲದೆ ಬೆಳೆಯುವ ರೋಗ. ಮೊದಲ ಹಂತದಲ್ಲಿ ಸಿಕ್ಕಿದರೆ ಬಹುಮಂದಿ ಉಳಿಯುತ್ತಾರೆ, ಆದರೆ ಹಾಗೆ ಸಿಕ್ಕುವುದೇ ಅಪರೂಪ. ಆ ವರ್ಷದ ಫೆಬ್ರವರಿಯಲ್ಲಿ ಅಮೇರಿಕದ ಇಮ್ಯಾನುಯೆಲ್ ಪೆಟ್ರಿಕೋಯಿನ್, ಲ್ಯಾನ್ಸ್ ಲಿಯೊಟ್ಟ ಮೊದಲಾದವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ರಕ್ತರಸವನ್ನು ಯಂತ್ರದಲ್ಲಿ ತೂಗಿ, ಬಂದ ಏರಿಳಿತಗಳ ವಿನ್ಯಾಸವನ್ನು ಕಂಪ್ಯೂಟರಿಗೆ ಕಲಿಸಿದಾಗ, ಅದು 50 ಮಂದಿ ರೋಗಿಗಳನ್ನೂ ಒಬ್ಬರನ್ನೂ ಬಿಡದೆ ಗುರುತಿಸಿತು. ಕ್ಯಾನ್ಸರಿಲ್ಲದ 66 ಮಂದಿಯಲ್ಲಿ 63 ಮಂದಿಯನ್ನು ಸರಿಯಾಗಿ ಬಿಟ್ಟುಕೊಟ್ಟಿತು. ಆ ಏರಿಳಿತಗಳು ಯಾವ ಪ್ರೋಟೀನುಗಳವೆಂಬುದು ಗೊತ್ತಾಗಿರಲಿಲ್ಲ. ಆದರೇನು? ಜಗತ್ತು ಹರ್ಷಿಸಿತು, ಪರೀಕ್ಷೆಯನ್ನು ಪೇಟೆಗೆ ತರುವ ಸಿದ್ಧತೆಯೂ ನಡೆಯಿತು.

ಅಂಕಿಗಳು ಎಲ್ಲವೂ ನಿಜವೆಂದೇ ಒಪ್ಪಿ ಒಂದು ಲೆಕ್ಕ ಹಾಕಿ ನೋಡೋಣ. ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲಿ ಈ ರೋಗ ಸುಮಾರು 2,500ಕ್ಕೆ ಒಬ್ಬರಲ್ಲಿ ಇರುವುದೆಂದು ವೈದ್ಯರ ಅಂದಾಜು. 10,000 ಹೆಂಗಸರನ್ನು ಪರೀಕ್ಷಿಸಿದರೆ ರೋಗವುಳ್ಳವರು ನಾಲ್ವರು, ನಾಲ್ವರೂ ಸಿಕ್ಕಿದರೆನ್ನೋಣ. ಉಳಿದ 9,996 ಮಂದಿಯಲ್ಲಿ ನೂರಕ್ಕೆ ಐವರಂತೆ ಸುಮಾರು 500 ಮಂದಿಗೆ ರೋಗವಿಲ್ಲದೆಯೇ ರೋಗವಿದೆಯೆಂಬ ತೀರ್ಪು ಬರುತ್ತದೆ. ಅಂಡಾಶಯದ ಕ್ಯಾನ್ಸರು ಹೌದೋ ಅಲ್ಲವೋ ಎಂದು ನಿಶ್ಚಯಿಸಲು ಬಹುಮಟ್ಟಿಗೆ ಹೊಟ್ಟೆಯನ್ನೇ ಕೊಯ್ಯಬೇಕು. ನಾಲ್ವರ ಸಲುವಾಗಿ ಐನೂರು ಮಂದಿ ನಿರ್ದೋಷಿಗಳಿಗೆ ಕತ್ತಿಯ ಭಯ! ಸುದ್ದಿಯನ್ನು ಅಚ್ಚುಹಾಕಿದ ಪತ್ರಿಕೆಗಳಲ್ಲಿ ಎಷ್ಟು ಮಂದಿ ಈ ಗುಣಾಕಾರವನ್ನು ಮಾಡಿದ್ದರು? ಮೆಟ್ರಿಕ್ಯುಲೇಷನ್ನಿಗೆ ಮೀರಿದ ಗಣಿತವೇನೂ ಇದರಲ್ಲಿಲ್ಲವೆಂದು ನಮ್ಮ ಅನುಭವದಿಂದಲೇ ಹೇಳಬಲ್ಲೆವು.

ಅಂಕಿಗಳೂ ನಿಲ್ಲಲಿಲ್ಲ. ಶೋಧಕರು ತಮ್ಮ ಮೂಲ ಅಂಕಿಅಂಶಗಳನ್ನು ಬಹಿರಂಗವಾಗಿ ಇಟ್ಟಿದ್ದರು. ಈ ಸರಳತೆ ಮೆಚ್ಚತಕ್ಕದ್ದು. ಹ್ಯೂಸ್ಟನ್ ನಗರದ ಎಂ. ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಕೀತ್ ಬ್ಯಾಗರ್ಲಿ, ಕೆವಿನ್ ಕೂಂಬ್ಸ್, ಜೆಫ್ರಿ ಮಾರಿಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಅವನ್ನು ತೆಗೆದುಕೊಂಡು ಮತ್ತೆ ಲೆಕ್ಕಹಾಕಿದರು. ಒಂದು ತಂಡದ ಮಾದರಿಗಳಲ್ಲಿ ಕಂಡ ವಿನ್ಯಾಸ ಮತ್ತೊಂದು ತಂಡದಲ್ಲಿ ನಿಲ್ಲಲಿಲ್ಲ. ಯಂತ್ರದ ಗದ್ದಲವೇ ಇರಬೇಕಾದ ಭಾಗದಲ್ಲಿಯೂ ರೋಗದ ಗುರುತು ಸಿಕ್ಕಿದಂತೆ ತೋರುತ್ತಿತ್ತು. ಒಂದು ಪ್ರಯೋಗದಲ್ಲಂತೂ ಆರೋಗ್ಯವಂತರ ಮಾದರಿಗಳನ್ನು ಬಹುಪಾಲು ಒಂದು ದಿನ, ರೋಗಿಗಳವನ್ನು ಬೇರೆ ದಿನ ತೂಗಲಾಗಿತ್ತು. ಹಾಗಾದರೆ ಕಂಪ್ಯೂಟರು ಗುರುತಿಸಿದ್ದು ಕ್ಯಾನ್ಸರನ್ನೋ, ಯಂತ್ರ ಆ ದಿನ ಹೇಗಿತ್ತೆಂಬುದನ್ನೋ? 2004ರಲ್ಲಿ ಅಮೇರಿಕದ ಆಹಾರ ಮತ್ತು ಔಷಧಗಳ ಆಡಳಿತವು ತನ್ನ ಪರಿಶೀಲನೆಯಿಲ್ಲದೆ ಈ ಪರೀಕ್ಷೆಯನ್ನು ಮಾರಕೂಡದೆಂದು ತಡೆದುದರಿಂದ ಅದು ಪೇಟೆಗೆ ಬರಲಿಲ್ಲ. ತೂಗಿದವನು ಸುಳ್ಳುಗಾರನಲ್ಲ, ತಕ್ಕಡಿಯೂ ಕೆಟ್ಟುದಲ್ಲ. ತೂಗುವ ಕ್ರಮದಲ್ಲಿ ದೋಷವಿತ್ತು.

ಈ ಪಾಠ ಕನ್ನಡ ನಾಡಿಗೂ ಸಂಬಂಧಿಸಿದುದು. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಅಖಿಲೇಶ ಪಾಂಡೆಯವರು 2002ರಲ್ಲಿ ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಎಂಬ ಸಂಸ್ಥೆಯಿದೆ. ಅಲ್ಲಿನ ತರುಣ ತರುಣಿಯರು ಮೊದಲು ಮಾಡಿದ ಕೆಲಸ, ಜಗತ್ತಿನ ವಿಜ್ಞಾನ ಪತ್ರಿಕೆಗಳನ್ನು ಒಂದೊಂದಾಗಿ ಓದಿ ಮಾನವ ಪ್ರೋಟೀನುಗಳ ಕೋಶವೊಂದನ್ನು ಸಂಪಾದಿಸಿದುದು. ಯಂತ್ರದಿಂದ ಆಗದ, ಕಣ್ಣು ನೋಯುವ ದುಡಿಮೆ ಅದು. ಕರಡು ತಿದ್ದಿ ಬಲ್ಲವರಿಗೆ ಅದರ ಬೆಲೆ ಗೊತ್ತು. ಅನಂತರ 2014ರ ಮೇ ತಿಂಗಳಲ್ಲಿ ಇದೇ ಸಂಸ್ಥೆಯವರೂ ಅಮೇರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರೂ ಕೂಡಿ ಮಾನವ ಪ್ರೋಟೀಮಿನ ಕರಡು ನಕ್ಷೆಯನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ವಯಸ್ಕರ 17 ಅಂಗಾಂಶಗಳು, ಭ್ರೂಣದ 7, ರಕ್ತಸಂಬಂಧದ ಜೀವಕೋಶಗಳ 6 ಬಗೆ, ಹೀಗೆ 30 ಮಾದರಿಗಳಿಂದ 17,294 ಜೀನುಗಳ ಪ್ರೋಟೀನುಗಳನ್ನು, ಅಂದರೆ ನೂರಕ್ಕೆ ಸುಮಾರು 84 ಭಾಗವನ್ನು, ಕಂಡಿರುವುದಾಗಿ ಹೇಳಿದರು. ಅದೇ ಸಂಚಿಕೆಯಲ್ಲಿ ಜರ್ಮನಿಯ ಮ್ಯೂನಿಕ್ಕಿನವರ ನಕ್ಷೆಯೂ ಪ್ರಕಟವಾಯಿತು. ನಮ್ಮವರು ಜರ್ಮನರ ಸರಿಸಮನಾಗಿ ನಿಂತುದನ್ನು ಕಂಡು ಹಿಗ್ಗದ ಕನ್ನಡಿಗನುಂಟೆ?

ಹಿಗ್ಗಿನ ಜೊತೆಗೆ ನಡೆದ ಇನ್ನೊಂದು ಸಂಗತಿಯನ್ನೂ ಹೇಳದಿದ್ದರೆ ಪಕ್ಷಪಾತವಾದೀತು. ಅದೇ ವರ್ಷ ಸ್ಪೇನ್ ದೇಶದ ಶೋಧಕರು ಎರಡು ನಕ್ಷೆಗಳನ್ನೂ ಒಂದು ಸರಳ ಪ್ರಶ್ನೆಯಿಂದ ಪರೀಕ್ಷಿಸಿದರು. ವಾಸನೆಯನ್ನು ಹಿಡಿಯುವ ಪ್ರೋಟೀನುಗಳು ಮುಖ್ಯವಾಗಿ ಮೂಗಿನ ಒಳಪೊರೆಯಲ್ಲಿ ಇರತಕ್ಕವು. ಮೂಗಿನ ಅಂಗಾಂಶವನ್ನು ಎರಡು ಕಡೆಯವರೂ ತೆಗೆದುಕೊಂಡಿರಲಿಲ್ಲ. ಆದರೂ ಎರಡು ನಕ್ಷೆಗಳಲ್ಲಿಯೂ ಇಂತಹವು ನೂರಕ್ಕೂ ಮಿಕ್ಕಿ ಕಾಣಿಸಿಕೊಂಡಿದ್ದವು! ಒಂಟಿ ಚೂರುಗಳನ್ನು ನಂಬಿದುದರ ಫಲ ಇದು. ಇಂತಹ ಆಕ್ಷೇಪಗಳಿಂದ ನಿಯಮಗಳು ಬಿಗಿಯಾದವು. ಕನಿಷ್ಠ ಒಂಬತ್ತು ಮೊಳೆ ಉದ್ದದ ಎರಡು ಬೇರೆ ಬೇರೆ ತುಂಡುಗಳು ಸಿಕ್ಕದೆ ಯಾವ ಪ್ರೋಟೀನನ್ನೂ ಕಂಡುದಾಗಿ ಹೇಳಕೂಡದೆಂದು ಗೊತ್ತುಮಾಡಲಾಯಿತು. ಈ ಬಿಗಿ ನಿಯಮದ ಮೇಲೆಯೇ 2020ರಲ್ಲಿ ಮಾನವ ಪ್ರೋಟೀಮ್ ಯೋಜನೆಯವರು ನೂರಕ್ಕೆ 90.4 ಭಾಗ ಪೂರ್ತಿಯಾಗಿದೆಯೆಂದು ಪ್ರಕಟಿಸಿದರು. ಬೆಂಗಳೂರಿನವರ ಕೀರ್ತಿಗೆ ಇದರಿಂದ ಕುಂದಿಲ್ಲ. ಕರಡೆಂದು ಅವರೇ ಹೆಸರಿಟ್ಟುದನ್ನು ಲೋಕ ತಿದ್ದಿತು, ಅಷ್ಟೆ.

ಪ್ರೋಟೀನನ್ನು ಗುರುತಿಸುವುದಕ್ಕೂ ರೋಗಿಗೆ ಉಪಕಾರವಾಗುವುದಕ್ಕೂ ನಡುವೆ ಎಷ್ಟು ದೂರವಿದೆಯೆಂಬುದಕ್ಕೆ ಮಧುಮೇಹದ ನಿದರ್ಶನವೊಂದೇ ಸಾಕು. ಮೂರು ತಿಂಗಳ ಸಕ್ಕರೆಯೆಂದು ಜನ ಕರೆಯುವ ಎಚ್‌ಬಿಎ1ಸಿ ಪರೀಕ್ಷೆ ಈಗ ಊರೂರಿನಲ್ಲಿಯೂ ನಡೆಯುತ್ತದೆ. ರಕ್ತದ ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟಿಕೊಂಡಿರುವುದು ಅದರ ಮೂಲ. ಮಧುಮೇಹಿಗಳಲ್ಲಿ ಈ ಬದಲಾವಣೆಯನ್ನು ಟೆಹರಾನಿನ ಸ್ಯಾಮ್ಯುಎಲ್ ರಹಬರರು 1968ರಲ್ಲಿಯೇ ತೋರಿಸಿದರು. ಆದರೆ ಬೇರೆ ಬೇರೆ ಪ್ರಯೋಗಶಾಲೆಗಳ ಅಂಕಿಗಳು ಒಂದಕ್ಕೊಂದು ಹೊಂದಿಕೆಯಾಗಲು ಮೂರು ದಶಕಗಳು ಹಿಡಿದುವು. ಈಗ ಎಲ್ಲಕ್ಕೂ ಮೂಲಮಾನವಾಗಿರುವ ಪದ್ಧತಿಯಲ್ಲಿ, ಹಿಮೋಗ್ಲೋಬಿನ್ನಿನ ತುದಿಯ ಆರು ಅಮೈನೋ ಆಮ್ಲಗಳ ತುಂಡನ್ನು ಕತ್ತರಿಸಿ, ಸಕ್ಕರೆ ಅಂಟಿದುದೆಷ್ಟು, ಅಂಟದುದೆಷ್ಟೆಂದು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ತೂಗುತ್ತಾರೆ. ಊರಿನ ಲ್ಯಾಬೊರೇಟರಿಯಲ್ಲಿ ಆ ಯಂತ್ರವಿಲ್ಲದಿದ್ದರೂ, ಅಲ್ಲಿನ ಅಂಕಿಯ ನಿಷ್ಠೆ ಆ ಯಂತ್ರಕ್ಕೆ.

ಇತ್ತೀಚಿನ ಒಂದು ಪ್ರಯತ್ನದ ಮೇಲೆ ನಮಗೆ ಹೆಚ್ಚು ಭರವಸೆಯಿದೆ. ವೃದ್ಧಾಪ್ಯದಲ್ಲಿ ಮರೆವು ಕವಿಯುವ ಆಲ್‌ಝೈಮರ್ ರೋಗದಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನಿನ ತುಣುಕುಗಳು ಮೆದುಳಿನಲ್ಲಿ ಗಂಟುಕಟ್ಟುತ್ತವೆ. ಇದನ್ನು ರಕ್ತದಿಂದಲೇ ಅಳೆಯುವ ಪದ್ಧತಿಯನ್ನು 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಜಪಾನಿಯರಲ್ಲಿ ಅದೇ ಕೊಯಿಚಿ ತನಾಕರೂ ಒಬ್ಬರು. ಅವರು ಜಪಾನಿನ 121 ಮಂದಿಯಲ್ಲಿ ಕಂಡುದನ್ನು ಆಸ್ಟ್ರೇಲಿಯದ 252 ಮಂದಿಯ ರಕ್ತದಲ್ಲಿ ಮತ್ತೆ ಪರೀಕ್ಷಿಸಿದರು; ಮೆದುಳಿನ ಚಿತ್ರದೊಡನೆ ಹೋಲಿಸಿದಾಗ ನೂರಕ್ಕೆ ಸುಮಾರು 90 ಪಾಲು ತಾಳೆಯಾಯಿತು. 2002ರ ಪ್ರಸಂಗದಲ್ಲಿ ಕಾಣದಿದ್ದ ಶಿಸ್ತು ಇದು.

ಜಪಾನಿನ ಮುದುಕರಿಗೆ ಗೊತ್ತುಮಾಡಿದ ಮಿತಿಯನ್ನು ನಮ್ಮ ಮುದುಕರಿಗೆ ಹಾಗೆಯೇ ಹಚ್ಚಲಾಗದು. ಮಧುಮೇಹವೂ ಮೂತ್ರಪಿಂಡದ ದೌರ್ಬಲ್ಯವೂ ನಮ್ಮಲ್ಲಿ ಹೇರಳ. ಮೂತ್ರಪಿಂಡ ಸೋತರೆ ರಕ್ತದಲ್ಲಿ ಈ ತುಣುಕುಗಳ ಪ್ರಮಾಣವೇ ಬೇರೆಯಾಗುತ್ತದೆ. ಇದಕ್ಕೆ ಬೇಕಾದ ಸಾಮಗ್ರಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಸಿದ್ಧವಾಗುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನ ಕೇಂದ್ರದವರು 45 ವರ್ಷ ಮೀರಿದ ಹತ್ತು ಸಾವಿರ ಗ್ರಾಮಸ್ಥರ ನೆನಪಿನ ಶಕ್ತಿಯನ್ನೂ ರಕ್ತವನ್ನೂ ಹಲವು ವರ್ಷ ಪರೀಕ್ಷಿಸುತ್ತ ಹೋಗುವ ಉದ್ಯಮವನ್ನು ಕೈಕೊಂಡಿದ್ದಾರೆ. ರೋಗ ಬಂದ ಮೇಲೆ ತೆಗೆದ ರಕ್ತಕ್ಕಿಂತ, ಬರುವ ಮುಂಚೆ ತೆಗೆದು ಕಾಪಾಡಿದ ರಕ್ತ ಸಾವಿರ ಪಾಲು ಬೆಲೆಯುಳ್ಳದ್ದು. ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ಪರದೇಶದಿಂದ ತರಿಸಬಹುದು. ಈ ರಕ್ತವನ್ನು ತರಿಸಲಾಗದು.

ಇನ್ನು ನಮ್ಮ ಮನೆಯ ಮಾತು. ರಕ್ತಪರೀಕ್ಷೆಯ ಹೊಸ ಸುದ್ದಿ ಬಂದರೆ, ಎಷ್ಟು ಮಂದಿಯನ್ನು ಪರೀಕ್ಷಿಸಿದರು, ಬೇರೆ ಊರಿನಲ್ಲಿ ಬೇರೆಯವರು ಮತ್ತೆ ಮಾಡಿ ನೋಡಿದರೇ ಎಂಬೆರಡು ಸಂಗತಿಗಳಿಲ್ಲದೆ ಅಚ್ಚಿಗೆ ಕಳುಹಿಸಕೂಡದೆಂದು ನಮ್ಮ ಸಹಾಯಕ ಸಂಪಾದಕರಿಗೆ ತಿಳಿಸಿದ್ದೇವೆ. ತಪ್ಪು ಕಂಡ ವಾಚಕರು ಕಾರ್ಡು ಬರೆದರೆ ಪ್ರಕಟಿಸುತ್ತೇವೆ.