ವಿಮಾನಯಾನದಲ್ಲಿ ಜೈನ ಊಟ

ಜೈನ ಊಟವು ವಿಮಾನಯಾನ ಸಂಸ್ಥೆಗಳು ಮುಂಗಡ ಕೋರಿಕೆಯ ಮೇರೆಗೆ ಒದಗಿಸುವ ವಿಶೇಷ ಊಟಗಳಲ್ಲೊಂದು. ಇದರ ಸಂಕೇತ ವಿ.ಜೆ.ಎಂ.ಎಲ್. ಮಾಂಸ, ಮೀನು, ಮೊಟ್ಟೆಗಳಷ್ಟೇ ಅಲ್ಲದೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಮೊದಲಾದ ಗೆಡ್ಡೆಗೆಣಸುಗಳೂ ಇದರಲ್ಲಿ ವರ್ಜ್ಯ. ಎ.ವಿ.ಎಂ.ಎಲ್. ಸಂಕೇತದ ಭಾರತೀಯ ಶೈಲಿಯ ಸಸ್ಯಾಹಾರದಲ್ಲಿ ಇವು ಇರಬಹುದಾದ್ದರಿಂದ, ‘ಸಸ್ಯಾಹಾರ’ ಎಂದಷ್ಟೇ ನಮೂದಿಸಿದರೆ ಸಾಲದು.

ಕೋರಿಕೆ

ಸಾಮಾನ್ಯವಾಗಿ ಪ್ರಯಾಣಕ್ಕೆ ಕನಿಷ್ಠ 24 ಗಂಟೆ ಮೊದಲು ಕೋರಿಕೆ ಸಲ್ಲಿಸಬೇಕು. ಊಟವನ್ನು ನೆಲದ ಮೇಲಿನ ಅಡುಗೆಮನೆಯಲ್ಲೇ ಸಿದ್ಧಪಡಿಸಿ ತಣಿಸಿಡಲಾಗುತ್ತದೆ. ವಿಮಾನದಲ್ಲಿ ಬಿಸಿ ಮಾಡುವುದಷ್ಟೇ. ಆದ್ದರಿಂದ ವಿಮಾನವೇರಿದ ಬಳಿಕ ಬದಲಾವಣೆ ಕಷ್ಟ. ಈ ಸಂಕೇತವು ಪದಾರ್ಥಗಳಿಗೆ ಮಾತ್ರ ಸಂಬಂಧಿಸಿದೆ. ಸೂರ್ಯಾಸ್ತದ ನಂತರ ಉಣ್ಣದವರಿಗೆ ಬಡಿಸುವ ವೇಳೆ ಹೊಂದದೆ ಹೋಗಬಹುದು.

ಬುತ್ತಿ

ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿ ಪ್ರಾಚೀನ ಜೈನ ಕ್ಷೇತ್ರ. ಈ ತಾಲ್ಲೂಕಿನಲ್ಲಾಗಲಿ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳಲ್ಲಾಗಲಿ ವಿಮಾನ ನಿಲ್ದಾಣವಿಲ್ಲ. ವಿದೇಶಕ್ಕೆ ಹೊರಟವರು ಸಾಮಾನ್ಯವಾಗಿ ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ತೆರಳಬೇಕಾದ್ದರಿಂದ ಮನೆಯ ಬುತ್ತಿ ಅನುಕೂಲಕರ. ಅವಲಕ್ಕಿ, ಚಕ್ಕುಲಿಯಂಥ ಒಣ ತಿಂಡಿಗಳು ಇದಕ್ಕೆ ಸೂಕ್ತ. ಅಂತರರಾಷ್ಟ್ರೀಯ ಯಾನದ ಕೈಚೀಲದಲ್ಲಿ ಮೊಸರು, ತುಪ್ಪಗಳಿಗೆ 100 ಮಿ.ಲೀ. ಮಿತಿ ಸಾಮಾನ್ಯ. ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಒಣ ಕೊಬ್ಬರಿಯು ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ.