ಬೆರಕೆಗೆ ಒಪ್ಪಿಗೆ ಕೇಳಿದವರಾರು?

ರಾಮನಗರದ ಮಾರುಕಟ್ಟೆಗೆ ಬರುವ ಹಳದಿ ರೇಷ್ಮೆಗೂಡು ಮಿಶ್ರತಳಿಯದು. ತಾಯಿ ನಮ್ಮ ಮೈಸೂರು ತಳಿ, ತಂದೆ ಸಿ.ಎಸ್.ಆರ್.-2ರಂಥ ದ್ವಿತಳಿ. ತಾಯಿಯಿಂದ ಗಟ್ಟಿತನ, ತಂದೆಯಿಂದ ಉದ್ದನೆಯ ನೂಲು. ಚನ್ನಪಟ್ಟಣ, ಕನಕಪುರದ ಕಡೆ ಹುಳು ಮೇಯಿಸುವ ಮನೆಯ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಹುಳುವಿನ ಜಾಗದಲ್ಲಿ ಮನುಷ್ಯನೇ ಇದ್ದರೆ? ಜೋಡಿ ಕೂಡಿಸುವವರು ಬೇರೊಂದು ಲೋಕದವರಾಗಿದ್ದರೆ?

ಅಮೆರಿಕದ ಆಕ್ಟೇವಿಯಾ ಬಟ್ಲರ್ (1947-2006) ಇಂಥದೇ ಪ್ರಶ್ನೆಯನ್ನು ಮೂರು ಕಾದಂಬರಿಗಳುದ್ದಕ್ಕೂ ಬೆಳೆಸಿದ್ದಾರೆ: 'ಡಾನ್' (1987), 'ಅಡಲ್ಟ್‌ಹುಡ್ ರೈಟ್ಸ್' (1988), 'ಇಮಾಗೊ' (1989). ಇಮಾಗೊ ಎಂದರೆ ಪೂರ್ಣ ಬೆಳೆದ ಕೀಟ. ರೇಷ್ಮೆ ಸೀಮೆಯವರಿಗೆ ಗೂಡು ತೂತು ಮಾಡಿ ಹೊರಬರುವ ಚಿಟ್ಟೆ!

ಅಣುಯುದ್ಧದಲ್ಲಿ ಭೂಮಿ ಹಾಳಾಗಿದೆ. ಅಳಿದುಳಿದವರನ್ನು 'ಒವಾನ್ಕಾಲಿ' ಎಂಬ ಅನ್ಯಲೋಕದವರು ತಮ್ಮ ಜೀವಂತ ನೌಕೆಗೆ ಎತ್ತಿಕೊಂಡಿದ್ದಾರೆ. ಎರಡೂವರೆ ಶತಮಾನದ ನಂತರ ಕಣ್ಣುಬಿಟ್ಟ ಲಿಲಿತ್ ಎಂಬಾಕೆಗೆ ನಿಧಾನವಾಗಿ ವಿಷಯ ತಿಳಿಯುತ್ತದೆ. ಕಾಪಾಡಿದವರಿಗೆ ಬೇಕಿರುವುದು ಮನುಷ್ಯರ ವಂಶವಾಹಿಗಳು. ಒಪ್ಪದಿದ್ದವರನ್ನು ಕೊಲ್ಲುವುದಿಲ್ಲ, ಆದರೆ ಅವರಿಗೆ ಮಕ್ಕಳಾಗುವುದಿಲ್ಲ. ಒವಾನ್ಕಾಲಿಗಳಲ್ಲಿ ಗಂಡು, ಹೆಣ್ಣು ಅಲ್ಲದೆ 'ಊಲಾಯ್' ಎಂಬ ಮೂರನೆಯ ಲಿಂಗವಿದೆ. ತಂದೆತಾಯಿಯರ ಗುಣಗಳನ್ನು ಹೆಕ್ಕಿ ಮಗುವನ್ನು ರೂಪಿಸುವುದು ಅದರ ಕೆಲಸ. ಲಿಲಿತಳ ವಂಶದ ಕ್ಯಾನ್ಸರ್ ಕೂಡ ಅದರ ಕಣ್ಣಿಗೆ ರೋಗವಲ್ಲ, ಕಳೆದುಹೋದ ಅಂಗವನ್ನು ಮತ್ತೆ ಬೆಳೆಸುವ ವಿದ್ಯೆ.

ಅವರು ದುಷ್ಟರಲ್ಲ ಎಂಬುದೇ ಕಥೆಯ ಬಿಗಿ. ವಾಸಿ ಮಾಡುತ್ತಾರೆ, ಉಣಿಸುತ್ತಾರೆ, ಭೂಮಿಯನ್ನು ಮತ್ತೆ ಹಸಿರು ಮಾಡುತ್ತಾರೆ. ಕೇಳುವುದಿಲ್ಲ, ಅಷ್ಟೆ. ಮೊದಲ ಪುಸ್ತಕದ ಕೊನೆಗೆ ಲಿಲಿತ್ ಗರ್ಭಿಣಿಯಾಗಿದ್ದಾಳೆ. ಅವಳನ್ನು ಯಾರೂ ಕೇಳಿರಲಿಲ್ಲ. ಗುಲಾಮಗಿರಿಯ ನೆನಪು ಹೊತ್ತ ಕಪ್ಪು ಜನಾಂಗದ ಲೇಖಕಿ ಬರೆದದ್ದೆಂದು ತಿಳಿದು ಓದಿದರೆ ಆ ಪುಟ ಇನ್ನೂ ಭಾರವಾಗುತ್ತದೆ.

ಮೂರರಲ್ಲಿ ಎರಡನೆಯದೇ ಮೇಲು. ಲಿಲಿತಳ ಮಿಶ್ರತಳಿಯ ಮಗ ಅಕೀನನನ್ನು ಬೆರಕೆ ಒಪ್ಪದ ಮನುಷ್ಯರು ಎಳವೆಯಲ್ಲೇ ಕದ್ದೊಯ್ಯುತ್ತಾರೆ. ಅವರ ನಡುವೆ ಬೆಳೆದು ಅವರ ಸಂಕಟ ಅರಿತ ಹುಡುಗ ಒವಾನ್ಕಾಲಿಗಳೆದುರು ವಾದಕ್ಕೆ ನಿಲ್ಲುತ್ತಾನೆ: ಪ್ರತಿ ಬೆರಕೆಯಲ್ಲೂ ನಿಮ್ಮವರಲ್ಲಿ ಒಂದು ಪಾಲನ್ನು ಬೆರೆಸದೆ ಉಳಿಸಿಕೊಳ್ಳುತ್ತೀರಿ, ಮನುಷ್ಯರಿಗೆ ಅದೇಕಿಲ್ಲ? ಕೊನೆಗೆ ಒಪ್ಪದವರಿಗೆ ಮಂಗಳ ಗ್ರಹ ದಕ್ಕುತ್ತದೆ.

ಮಾಗಡಿ ಕಡೆಯ ಬಿತ್ತನೆಗೂಡಿನ ಬೆಳೆಗಾರರಿಗೆ ಅಕೀನನ ಲೆಕ್ಕ ಸುಲಭವಾಗಿ ಅರ್ಥವಾದೀತು. ಮಿಶ್ರತಳಿಯ ಕಸುವು ಮುಂದಿನ ಪೀಳಿಗೆಗೆ ಹಾಗೆಯೇ ಉಳಿಯದು. ಪ್ರತಿ ಬಾರಿಯೂ ಹೊಸದಾಗಿ ಬೆರಕೆ ಮಾಡಬೇಕು. ಅದಕ್ಕೆಂದೇ ಶುದ್ಧ ಮೈಸೂರು ತಳಿಯನ್ನು ಬೇರೆಯಾಗಿ ಸಾಕಬೇಕು. ಆದರೆ ನಾವು ತಳಿ ಉಳಿಸುವುದು ನಮ್ಮ ನೂಲಿಗಾಗಿ. ಅಕೀನ್ ಕೇಳಿದ್ದು ಮನುಷ್ಯರು ತಮಗಾಗಿಯೇ ಉಳಿಯಲಿ ಎಂದು.

'ಇಮಾಗೊ' ಕೊಂಚ ಸಪ್ಪೆ. ಅಲ್ಲಿ ಕಥೆ ಹೇಳುವುದೇ ಮಿಶ್ರತಳಿಯ ಊಲಾಯ್. ಎಲ್ಲರನ್ನೂ ಒಲಿಸಿಕೊಳ್ಳುವ ಅದರ ಮಾತಿನಲ್ಲಿ ಹಿಂದಿನ ಪುಸ್ತಕಗಳ ಜಗಳದ ಕಾವು ಆರಿಹೋಗಿದೆ.

ಮೂರೂ ಸೇರಿದ ಸಂಪುಟದ ಹೆಸರು 'ಲಿಲಿತ್ಸ್ ಬ್ರೂಡ್'. ಇಂಗ್ಲಿಷ್ ಸರಳ, ವಾಕ್ಯಗಳು ಚಿಕ್ಕವು. ಹಿಂಸೆ, ಕಾಮದ ಪ್ರಸಂಗಗಳಿರುವುದರಿಂದ ಹೈಸ್ಕೂಲಿನವರಿಗೆ ಬೇಡ, ಕಾಲೇಜಿನವರು ಓದಲಿ. ಅವರು ಓದಿ ಕೆಳಗಿಟ್ಟ ಮೇಲೆ ಅಪ್ಪ-ಅಮ್ಮಂದಿರೂ ಕೈಗೆತ್ತಿಕೊಳ್ಳಬಹುದು.